ಡಬ್ಬಕ್ಕೊಂದು ಗವಾಕ್ಷಿ

ಚೆನ್ನೈನಲ್ಲಿ ಸಂಸಾರ ಹೂಡಿದವರಿಗೆ ಏಪ್ರಿಲ್-ಮೇ ಅಂದರೆ ಏನೂಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಪಾಡೇ ಹೀಗಿರುವಾಗ ಮೇಜಿನ ಕೆಳಗೆ ಮೂಲೆ ಸೇರಿರುವ ಕಂಪ್ಯೂಟರಿನ ಪಾಡು? ಫ್ಯಾನು ಹೋ ಎಂದು ಅರಚುತ್ತದೆ. ಬಿಸಿ ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಪಟ್ಟಂತ ಆಫ್! ಅಂಗಡಿಯಲ್ಲಿ ಕೇಳಿದರೆ "ಹಳೇದಾಯ್ತು ಸಾರ್, ಹೊಸದು ತಗೊಳ್ಳಿ" ಅನ್ನುತ್ತಾರೆ. ನಾನು ಹೇಳೋದಿಷ್ಟೇ: ದುಡ್ಡು ಸುರಿಯುವ ಮೊದಲು ಡಬ್ಬಕ್ಕೊಂದು ತೂತು ಕೊರೆಯಿರಿ.

ನಗಬೇಡಿ. ನಮ್ಮ ಹಳೇ ಮನೆಗಳ ಅಡುಗೆಕೋಣೆಯಲ್ಲಿ ಹೊಗೆ ಹೋಗಲಿಕ್ಕೆ ಮೇಲೊಂದು ಗವಾಕ್ಷಿ ಇರುತ್ತಿತ್ತಲ್ಲ, ಅದೇ ಲೆಕ್ಕ. ತಣ್ಣನೆ ಗಾಳಿ ಮುಂದುಗಡೆ ಕೆಳಗಿನಿಂದ ಒಳಬರಬೇಕು, ಬಿಸಿಗಾಳಿ ಹಿಂದುಗಡೆ ಮೇಲಿನಿಂದ ಹೊರಹೋಗಬೇಕು. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಮುಂದೆ ಪ್ಲಾಸ್ಟಿಕ್ ಮುಚ್ಚಿಗೆ, ಅದರ ಹಿಂದಿನ ತಗಡಿನಲ್ಲಿ ನಾಲ್ಕು ಸಣ್ಣ ತೂತು. ದುಬಾರಿಯವುಗಳಲ್ಲೂ ಕೆಲವಕ್ಕೆ ಮುಂದೆ ಪೂರ್ತಿ ಗಾಜು, ಬಣ್ಣದ ದೀಪ... ನೋಡೋಕೆ ಚೆಂದ, ಉಸಿರಾಡೋಕೆ ಜಾಗವಿಲ್ಲ.

ಎಷ್ಟೋ ಮನೆಗಳಲ್ಲಿ ಪಕ್ಕದ ಬಾಗಿಲು ಕಳಚಿ ಟೇಬಲ್ ಫ್ಯಾನ್ ತಿರುಗಿಸಿ ಇಟ್ಟಿರುತ್ತಾರೆ. ಬಿಸಿ ಇಳಿಯುವುದು ನಿಜ. ಆದರೆ ಧೂಳು, ಹಲ್ಲಿ, ಮಕ್ಕಳ ಬೆರಳು ಎಲ್ಲಕ್ಕೂ ಸ್ವಾಗತ ಕೋರಿದ ಹಾಗೆ. ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕೂತಮೇಲೆ ಕಥೆ ಮೊದಲಿಗಿಂತ ಕಡೆ.

ಮೊದಲು ಒಳಗಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿ ನೋಡಿ. ಆಮೇಲೂ ಬಿಸಿಯಾದರೆ ಕೊರೆಯುವ ಕೆಲಸ. ಮದರ್‌ಬೋರ್ಡ್ ಸಮೇತ ಎಲ್ಲವನ್ನೂ ಹೊರತೆಗೆಯಿರಿ. ಉದುರಿದ ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. 120 ಮಿ.ಮೀ. ಫ್ಯಾನಿಗೆ ಸುಮಾರು 115 ಮಿ.ಮೀ. ಅಗಲದ ವೃತ್ತ, ಸ್ಕ್ರೂಗಳ ನಡುವೆ 105 ಮಿ.ಮೀ. ಅಂತರ. ಮುಂದಿನ ಪ್ಲಾಸ್ಟಿಕ್ಕಿಗೂ ಅಷ್ಟೇ ದಾರಿ ಬಿಡಿಸಬೇಕು. ಅಂಚನ್ನು ಅರದಿಂದ ಉಜ್ಜಿ, ಇಲ್ಲದಿದ್ದರೆ ಬೆರಳು ಕುಯ್ಯುತ್ತದೆ. ಧೂಳು ತಡೆಯಲು ಸೊಳ್ಳೆಪರದೆಯ ತುಂಡು ಸಾಕು, ಆಗಾಗ ತೊಳೆಯಬೇಕಷ್ಟೆ. ರಿಚ್ಚಿ ಸ್ಟ್ರೀಟಿನಲ್ಲಿ ಫ್ಯಾನಿಗೇನೂ ಬರವಿಲ್ಲ. 80 ಮಿ.ಮೀ.ದು ತರಬೇಡಿ. ದೊಡ್ಡದು ನಿಧಾನ ತಿರುಗಿಯೂ ಅಷ್ಟೇ ಗಾಳಿ ಕೊಡುತ್ತದೆ, ಸದ್ದೂ ಕಮ್ಮಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ವಾರಂಟಿ ಇದ್ದರೆ ಕೊರೆಯುವ ಗೊಡವೆಗೇ ಹೋಗಬೇಡಿ.

ಪವಾಡವೇನೂ ಆಗುವುದಿಲ್ಲ. ಕೋಣೆಯಲ್ಲೇ 38 ಡಿಗ್ರಿ ಇದ್ದರೆ ಯಾವ ಫ್ಯಾನೂ ಅದಕ್ಕಿಂತ ತಣ್ಣಗೆ ಮಾಡಲಾರದು. ಆದರೆ ಬಿಸಿಯೊಂದೇ ತೊಂದರೆಯಾಗಿದ್ದರೆ, ಗುಜರಿಗೆ ಹೊರಟಿದ್ದ ಯಂತ್ರ ಇನ್ನೂ ಕೆಲವು ಬೇಸಿಗೆ ದಾಟೀತು.

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ಓನರನ್ನು ಕೇಳಬೇಕಾದ ನಮಗೆ ಈ ಡಬ್ಬವೊಂದಾದರೂ ಸ್ವಂತದ್ದು. ಅದಕ್ಕೆ ಕಿಟಕಿ ಇಡಲು ಯಾರಪ್ಪಣೆ ಬೇಕು? ಏನಂತೀರಿ?