ಕೆಂಪು ಸಿಲಿಂಡರ್ ಯಾರು ಹಿಡಿಯಬೇಕು?

ಕಳೆದ ವಾರ ಮೊಮ್ಮಗ ಬಂದಿದ್ದ. ಸಂಜೆ ಇಬ್ಬರೂ ಹಂಗಾರಕಟ್ಟೆಯ ದಕ್ಕೆಯಲ್ಲಿ ಕೂತು ಕೋಡಿಬೆಂಗ್ರೆ ಕಡೆ ನೋಡುತ್ತಿದ್ದೆವು. ಇದ್ದಕ್ಕಿದ್ದಂತೆ ಕೇಳಿದ:

“ಅಜ್ಜಯ್ಯ, ಅಮ್ಮನ ಆಫೀಸಲ್ಲಿ ಬೆಂಕಿ ಬಿದ್ರೆ ಅಮ್ಮ ಆ ಕೆಂಪು ಸಿಲಿಂಡರ್ ಹಿಡಿಕಾ, ಹೊರಗೆ ಓಡ್ಕಾ?”

ಅವನ ಅಮ್ಮ, ಅಂದರೆ ನನ್ನ ಮಗಳು, ಉಡುಪಿಯಲ್ಲಿ ಕೆಲಸದಲ್ಲಿದ್ದಾಳೆ. ಹುಡುಗನಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ. ಹಾಗಾಗಿ ನಾನೂ ತಮಾಷೆ ಮಾಡದೆ ಒಂದು ಹಳೇ ಕಥೆ ಹೇಳಿದೆ.

ಮಕ್ಕಳೇ, ನಾನು ಬಹಳ ವರ್ಷ ಬೋಟು ಕಟ್ಟುವ ಒಂದು ಕಡೆ ಲೆಕ್ಕ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ರಿಪೇರಿಗೆ ಬಂದ ಬೋಟಿನ ಎಂಜಿನ್ ಕೋಣೆಯಲ್ಲಿ ವೆಲ್ಡಿಂಗ್ ನಡೆದಿತ್ತು. ಕಿಡಿ ಹಾರಿ ಡೀಸೆಲ್ ಒರೆಸಿದ ಬಟ್ಟೆಯ ಮೇಲೆ ಬಿತ್ತು. ಒಬ್ಬ ಕೊಡಪಾನದಲ್ಲಿ ನೀರು ತಂದು ಸುರಿದೇಬಿಟ್ಟ. ಡೀಸೆಲ್ ನೀರಿನ ಮೇಲೆ ತೇಲುತ್ತದಲ್ಲ, ಬೆಂಕಿಯೂ ಅದರ ಜೊತೆ ಹರಡಿತು. ಆಗ ಇಪ್ಪತ್ತು ವರ್ಷದ ಹುಡುಗನೊಬ್ಬ ಸಿಲಿಂಡರ್ ಹೊತ್ತು ಏಣಿ ಇಳಿದ. ಪುಡಿ ಬುಸ್ಸೆಂದು ಬಂತು, ಬೆಂಕಿ ಕುಗ್ಗಿತು. ಅಷ್ಟರಲ್ಲಿ ಪುಡಿ ಮುಗಿಯಿತು, ಬೆಂಕಿ ಮತ್ತೆ ಎದ್ದಿತು. ಹೊಗೆ, ಪುಡಿ ಎರಡೂ ಸೇರಿ ಅವನಿಗೆ ಏಣಿಯೇ ಕಾಣಿಸಲಿಲ್ಲ. ಮೇಲಿದ್ದವನು ಕೈ ಹಿಡಿದು ಎಳೆದದ್ದರಿಂದ ಬದುಕಿದ. ಮೊಣಕೈವರೆಗೆ ಸುಟ್ಟಿತ್ತು.

ಎಲ್ಲರೂ ಅವನನ್ನು ಹೊಗಳಿದರು. ನಾನೂ ಹೊಗಳಿದೆ. ಮಾರನೇ ದಿನ ಅವನ ತಾಯಿ ಬಂದು ನನ್ನ ಮೇಜಿನ ಮುಂದೆ ನಿಂತರು.

“ಹ್ವಾಯ್, ಬೋಟ್ ಇನ್ನೊಂದ್ ಕಟ್ಲಕ್ಕ್. ಮಗನ್ನ ಕಟ್ಲಕ್ಕಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸಿಲಿಂಡರ್ ಬಳಸುವುದನ್ನು ನಾವು ಅವನಿಗೆ ಒಮ್ಮೆಯೂ ಕಲಿಸಿರಲಿಲ್ಲ. ಗೋಡೆಗೆ ನೇತುಹಾಕಿದ್ದೆವು, ಅಷ್ಟೇ.

“ಹಾಗಾದ್ರೆ ಓಡೋದೇ ಸರಿಯಾ?” ಎಂದ ಮೊಮ್ಮಗ. ಹಾಗೂ ಅಲ್ಲ. ಕಸದ ಬುಟ್ಟಿಯಷ್ಟು ಬೆಂಕಿ ಇದ್ದು, ಬಳಸಲು ಕಲಿತವರು ಹತ್ತಿರವಿದ್ದರೆ ಆರಿಸಬಹುದು, ಆರಿಸಲೂಬೇಕು. ಆದರೆ ಮೊದಲು ಕೂಗಿ ಎಲ್ಲರನ್ನೂ ಎಬ್ಬಿಸಬೇಕು, ಇನ್ನೊಬ್ಬರು 112ಕ್ಕೋ 101ಕ್ಕೋ ಫೋನ್ ಮಾಡಬೇಕು. ಆಮೇಲೆ ಬಾಗಿಲು ಬೆನ್ನ ಹಿಂದೆ ಇರುವಂತೆ ನಿಂತು, ಪಿನ್ನು ಕಿತ್ತು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ ಆಚೀಚೆ ಆಡಿಸಬೇಕು. ಜ್ವಾಲೆಯ ತುದಿಗೆ ಹೊಡೆದರೆ ಪುಡಿ ದಂಡ. ಸಾಮಾನ್ಯ ಸಿಲಿಂಡರ್ 15–20 ಸೆಕೆಂಡಿಗೇ ಖಾಲಿ. ಒಂದಕ್ಕೆ ಆರದಿದ್ದರೆ ಅಲ್ಲೇ ಬಿಟ್ಟು ಹೊರಗೆ ಬರುವುದು. ಕರೆಂಟಿನ ಬೆಂಕಿಗೆ ನೀರಿನ ಸಿಲಿಂಡರ್ ಮುಟ್ಟಲೇಬಾರದು.

ಹೊಗೆ ತುಂಬಿದ್ದರಂತೂ ಸಿಲಿಂಡರಿನ ಮಾತೇ ಬೇಡ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಮಂದಿ ತೀರಿಕೊಂಡರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ನಮ್ಮ ಪಕ್ಕದ ಗಂಗೊಳ್ಳಿಯಲ್ಲಿ 2023ರ ದೀಪಾವಳಿ ಹೊತ್ತಿಗೆ ನಿಲ್ಲಿಸಿದ್ದ ಹಲವು ಬೋಟುಗಳು ಸುಟ್ಟುಹೋದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಂಥ ಬೆಂಕಿ ಅಗ್ನಿಶಾಮಕ ದಳದವರ ಪಾಲಿನದು. ಅವರಿಗೂ ಅದು ಸುಲಭವಲ್ಲ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸಿಡಿದಾಗ ಸತ್ತ ಅಗ್ನಿಶಾಮಕ ಸಿಬ್ಬಂದಿಯೇ 66 ಮಂದಿ.

ಆಗಿನ ಕಾಯ್ದೆ ಏನು ಹೇಳುತ್ತಿತ್ತು ಎಂದು ಅಜ್ಜಂದಿರು ಕೇಳಬಹುದು. 1948ರ ಕಾರ್ಖಾನೆಗಳ ಕಾಯ್ದೆಯ 38ನೇ ಕಲಂ ಪ್ರಕಾರ, ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳುವ ದಾರಿ ಪ್ರತಿ ಕೆಲಸಗಾರನಿಗೂ ಗೊತ್ತಿರಬೇಕಿತ್ತು, ಆಗ ಏನು ಮಾಡಬೇಕೆಂಬ ತರಬೇತಿಯೂ ಸಿಕ್ಕಿರಬೇಕಿತ್ತು. ನಮ್ಮಲ್ಲಿ ತರಬೇತಿ ನಡೆದದ್ದು ಆ ಹುಡುಗನ ಕೈ ಸುಟ್ಟ ಮೇಲೆ.

ಮೊಮ್ಮಗ ರಾತ್ರಿ ಅಮ್ಮನಿಗೆ ಫೋನ್ ಮಾಡಿದ. ಆಫೀಸಿನ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ, ಹಿಂಬಾಗಿಲಿಗೆ ಬೀಗ ಇದೆಯಾ ಎಂದು ವಿಚಾರಿಸಿದ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಸಿಲಿಂಡರ್ ಎದುರು ಫೈಲಿನ ಕಪಾಟು ಇಟ್ಟಿದಾರೆ ಮಗಾ. ನಾಳೆ ಹೋದಕೂಡ್ಲೆ ತೆಗೆಸ್ತೆ” ಎಂದಳು.