ಅಪ್ಪ ಕೊಟ್ಟ ಒಂದು ವರ್ಷ

ಕಾರ್ ರೇಸಿನ ಬಗ್ಗೆ ಬರೆಯುತ್ತೇನೆ ಎಂದರೆ ನಿಮ್ಮಲ್ಲಿ ಅರ್ಧ ಮಂದಿ ಈ ಪುಟವನ್ನು ಮಗುಚಿ ಅಡುಗೆ ವಿಭಾಗಕ್ಕೆ ಹೋಗಬಹುದು ಎಂಬ ಅಳುಕು ನನಗಿದೆ. ಮನೆಯ ಹುಡುಗರು ಟಿ.ವಿ. ಮುಂದೆ ಬಾಯಿ ಬಿಟ್ಟುಕೊಂಡು ನೋಡುವ ಆ ಗದ್ದಲದಲ್ಲಿ ನಮಗೇನು ಕೆಲಸ ಎಂದು ನೀವು ಕೇಳಿದರೆ ತಪ್ಪೇನೂ ಇಲ್ಲ. ಆದರೆ ಸಹೋದರಿಯರೇ, ನಾನು ಹೇಳಹೊರಟಿರುವುದು ಒಬ್ಬ ತಂದೆ ಮತ್ತು ಮಗಳ ಕತೆ. ಕಾರು ಅದರ ನಡುವೆ ಬರುತ್ತದೆ, ಅಷ್ಟೇ.

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಗ್ರಾಸ್ ಎಂಬ ಊರಿದೆ. ಅತ್ತರು, ಸುಗಂಧದ್ರವ್ಯಗಳಿಗೆ ಲೋಕಪ್ರಸಿದ್ಧವಾದ ಊರು. ಸುತ್ತಲೂ ಗುಲಾಬಿ ಮತ್ತು ಮಲ್ಲಿಗೆಯ ತೋಟಗಳು. ಶಂಕರಪುರದ ಕಡೆ ನಮ್ಮ ಹೆಂಗಸರು ಬೆಳಕು ಹರಿಯುವ ಹೊತ್ತಿಗೆ ಮಲ್ಲಿಗೆ ಬಿಡಿಸಲು ಹೊರಡುವಂತೆ ಅಲ್ಲಿಯೂ ನಸುಕಿನಲ್ಲೇ ಹೂವು ಕೊಯ್ಯುತ್ತಾರೆ. ಅಂತಹ ಒಂದು ಹೂವಿನ ಕೃಷಿಕ ಕುಟುಂಬದಲ್ಲಿ 1951ರಲ್ಲಿ ಮಿಶೆಲ್ ಮೂಟೊನ್ ಹುಟ್ಟಿದಳು. ತಂದೆ ಪಿಯರ್ ಮೂಟೊನ್‌ಗೆ ವೇಗದ ಕಾರುಗಳೆಂದರೆ ಪ್ರಾಣ. ಆದರೆ ಎರಡನೇ ಮಹಾಯುದ್ಧದಲ್ಲಿ ಐದು ವರ್ಷ ಯುದ್ಧಕೈದಿಯಾಗಿ ಕಳೆದ ಆ ಮನುಷ್ಯನಿಗೆ ಬಿಡುಗಡೆಯ ನಂತರ ಆ ಆಸೆ ಪೂರೈಸಿಕೊಳ್ಳುವ ಅವಕಾಶ ಸಿಗಲಿಲ್ಲ.

ಮಿಶೆಲ್ ಕಾನೂನು ಓದಲು ಹೊರಟವಳು ಅದನ್ನು ಅರ್ಧಕ್ಕೆ ಬಿಟ್ಟಳು. 1972ರಲ್ಲಿ ಒಬ್ಬ ಸ್ನೇಹಿತ ರ‍್ಯಾಲಿಗೆ ತಯಾರಿ ನಡೆಸುವಾಗ ತನಗೆ ಸಹಾಯ ಮಾಡು ಎಂದು ಕರೆದ. ಆಕೆ ಅವನ ಪಕ್ಕದಲ್ಲಿ ಕೂತು ದಾರಿ ಹೇಳತೊಡಗಿದಳು. ಇದನ್ನು ನೋಡಿದ ತಂದೆ, ಕಾರಿನಲ್ಲಿ ಕೂರಲೇಬೇಕೆಂದಿದ್ದರೆ ಪಕ್ಕದ ಸೀಟು ಯಾಕೆ, ನೀನೇ ಓಡಿಸು ಎಂದರು. ಆಲ್ಪೈನ್ ಎಂಬ ಪುಟ್ಟ ರ‍್ಯಾಲಿ ಕಾರು ತೆಗೆಸಿಕೊಟ್ಟರು. ಜೊತೆಗೊಂದು ಷರತ್ತು: ಒಂದು ವರ್ಷದೊಳಗೆ ನಿನ್ನ ಸಾಮರ್ಥ್ಯ ತೋರಿಸಬೇಕು, ಆಗದಿದ್ದರೆ ನಿಲ್ಲಿಸಬೇಕು.

ಈ ಷರತ್ತನ್ನು ಗಮನಿಸಿ. ಮಗಳು ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಮುದ್ದು ಇದಲ್ಲ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂಬ ತಾತ್ಸಾರವೂ ಅಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೀಗೆ ಖಚಿತವಾದ ಒಂದು ವರ್ಷ ಸಿಗುತ್ತದೆ? ‘ನೋಡೋಣ’ ಎಂಬ ಉತ್ತರವೇ ನಿಕಾಹ್‌ನ ದಿನದವರೆಗೂ ಎಳೆಯುವುದನ್ನು ಶಿಕ್ಷಕಿಯಾಗಿ ನಾನು ಬಹಳ ನೋಡಿದ್ದೇನೆ.

ಇನ್ನು ರ‍್ಯಾಲಿಯ ಬಗ್ಗೆ ಎರಡು ಮಾತು. ಟಿ.ವಿ.ಯಲ್ಲಿ ಕಾಣುವ ಹಾಗೆ ಹತ್ತಿಪ್ಪತ್ತು ಕಾರುಗಳು ಒಂದೇ ಮೈದಾನದಲ್ಲಿ ಗಿರಕಿ ಹೊಡೆಯುವ ಸ್ಪರ್ಧೆ ಇದಲ್ಲ. ಕಾಡು, ಘಟ್ಟ, ಮಣ್ಣಿನ ರಸ್ತೆ, ಮಂಜು ಬಿದ್ದ ದಾರಿಗಳಲ್ಲಿ ಒಂದೊಂದೇ ಕಾರನ್ನು ಬಿಡುತ್ತಾರೆ. ಯಾರು ಎಷ್ಟು ಹೊತ್ತು ತೆಗೆದುಕೊಂಡರು ಎಂದು ಗಡಿಯಾರ ಲೆಕ್ಕ ಹಾಕುತ್ತದೆ. ಚಾಲಕಿಯ ಪಕ್ಕದಲ್ಲಿ ಕೂರುವವರು ಮೊದಲೇ ಬರೆದಿಟ್ಟ ಟಿಪ್ಪಣಿ ನೋಡಿ, ಮುಂದೆ ಎಂಥ ತಿರುವಿದೆ, ಎಲ್ಲಿ ದಿಬ್ಬವಿದೆ ಎಂದು ಓದುತ್ತಾ ಹೋಗಬೇಕು. ಆ ಮಾತಿನ ಮೇಲೆ ಭರವಸೆಯಿಟ್ಟು, ಕಣ್ಣಿಗೆ ಕಾಣದ ತಿರುವಿಗೂ ಕಾರನ್ನು ನುಗ್ಗಿಸಬೇಕು. ಮಿಶೆಲ್‌ಳ ಅತ್ಯುತ್ತಮ ವರ್ಷಗಳಲ್ಲಿ ಆ ಟಿಪ್ಪಣಿ ಓದಿದವಳು ಇಟಲಿಯ ಫ್ಯಾಬ್ರಿಜಿಯಾ ಪೋನ್ಸ್. ಇಬ್ಬರೂ ಹೆಂಗಸರೇ.

1974ರಲ್ಲಿ ಆಕೆ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಹನ್ನೆರಡನೆಯವಳಾಗಿ ಬಂದಾಗ ಗುಸುಗುಸು ಆರಂಭವಾಯಿತು. ಹೆಂಗಸು ಇಷ್ಟು ವೇಗವಾಗಿ ಓಡಿಸುವುದುಂಟೇ, ಇಂಜಿನ್‌ನಲ್ಲಿ ಏನೋ ಮೋಸವಿರಬೇಕು ಎಂದರು. ಕಾರನ್ನು ಪರೀಕ್ಷಿಸಿದರು. ಮೋಸವೇನೂ ಇರಲಿಲ್ಲ. ಮುಂದಿನ ವರ್ಷ ಫ್ರಾನ್ಸಿನ ಲೆಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ರೇಸಿನಲ್ಲಿ ಆಕೆಯೂ ಸೇರಿದಂತೆ ಮೂವರು ಮಹಿಳೆಯರ ತಂಡ ತಮ್ಮ ವರ್ಗದಲ್ಲಿ ಮೊದಲ ಸ್ಥಾನ ಪಡೆಯಿತು. ತಂದೆಯ ಷರತ್ತು ಈಡೇರಿ ಆಗಿತ್ತು.

ಜರ್ಮನಿಯ ಔಡಿ ಕಂಪೆನಿ ಆಗ ನಾಲ್ಕೂ ಚಕ್ರಗಳಿಗೆ ಇಂಜಿನ್‌ನ ಶಕ್ತಿ ಹರಿಯುವ ಕ್ವಾಟ್ರೊ ಎಂಬ ಹೊಸ ಕಾರನ್ನು ರ‍್ಯಾಲಿಗೆ ಸಿದ್ಧಪಡಿಸುತ್ತಿತ್ತು. 1981ರ ಋತುವಿಗೆ ಅದು ಮಿಶೆಲ್‌ಳನ್ನು ತಂಡಕ್ಕೆ ಸೇರಿಸಿಕೊಂಡಿತು. ಆ ವರ್ಷ ಅಕ್ಟೋಬರ್‌ನಲ್ಲಿ ಇಟಲಿಯ ಸಾನ್ ರೆಮೋ ರ‍್ಯಾಲಿಯನ್ನು ಆಕೆ ಗೆದ್ದಳು. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಒಂದು ಸ್ಪರ್ಧೆಯನ್ನು ಹೆಣ್ಣೊಬ್ಬಳು ಗೆದ್ದದ್ದು ಅದೇ ಮೊದಲು. ಅಲ್ಲಿ ಆಕೆಯ ಬೆನ್ನುಹತ್ತಿ ಸೋತವರು ಅರಿ ವಾಟನೆನ್. ಆ ವರ್ಷದ ವಿಶ್ವ ಚಾಂಪಿಯನ್ ಆದದ್ದು ಅವರೇ.

ಆಗಲೂ ಬಾಯಿ ಮುಚ್ಚಲಿಲ್ಲ. ಗೆದ್ದದ್ದು ಕಾರು, ಹೆಂಗಸಲ್ಲ ಎಂದರು. 1982ರಲ್ಲಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಹೀಗೆ ಮೂರು ರ‍್ಯಾಲಿಗಳನ್ನು ಗೆದ್ದು ಆಕೆ ವಿಶ್ವ ಪ್ರಶಸ್ತಿಯ ಹೊಸ್ತಿಲಿಗೆ ಬಂದಳು. ಅದೇ ತಂಡದಲ್ಲಿ, ಅದೇ ಬಗೆಯ ಕಾರಿನಲ್ಲಿ ಫಿನ್ಲೆಂಡಿನ ಹನು ಮಿಕ್ಕೊಲ ಎಂಬ ಅನುಭವಿ ಚಾಲಕರೂ ಇದ್ದರು. ವರ್ಷದ ಕೊನೆಯಲ್ಲಿ ಅಂಕಪಟ್ಟಿ ನೋಡಿದರೆ ಮಿಕ್ಕೊಲ ಆಕೆಗಿಂತ ಕೆಳಗಿದ್ದರು. ಮರುವರ್ಷ ವಿಶ್ವ ಚಾಂಪಿಯನ್ ಆದವರು ಅದೇ ಮಿಕ್ಕೊಲ ಎಂದರೆ ಅವರು ಸಾಮಾನ್ಯ ಚಾಲಕರಲ್ಲ ಎಂಬುದು ನಿಮಗೆ ಗೊತ್ತಾಗುತ್ತದೆ. ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರಿಗೆ ಹೆಸರು ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ರ‍್ಯಾಲಿಯ ಗಡಿಯಾರವೂ ಹಾಗೆಯೇ. ಹುಡುಗಿಯರು ಪರೀಕ್ಷೆಯಲ್ಲಿ ಮುಂದೆ ಬಂದಾಗಲೂ ‘ಅವರು ಬಾಯಿಪಾಠ ಮಾಡುತ್ತಾರೆ’ ಎಂದು ಗೊಣಗುವವರು ನಮ್ಮಲ್ಲಿ ಇದ್ದಾರಲ್ಲ, ಅವರ ನೆನಪಾಗುತ್ತದೆ ನನಗೆ.

ಪ್ರಶಸ್ತಿಗಾಗಿ ಆಕೆಗೆ ಎದುರಾಗಿದ್ದವರು ಜರ್ಮನಿಯ ವಾಲ್ಟರ್ ರೋರ್ಲ್. ಕೊನೆಯ ಎರಡು ಸ್ಪರ್ಧೆಗಳು ಮಾತ್ರ ಉಳಿದಿದ್ದವು. ಅದರಲ್ಲಿ ಮೊದಲನೆಯದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ, ಕೆಂಪು ಮಣ್ಣಿನ ರಸ್ತೆಗಳಲ್ಲಿ ಸಾವಿರಾರು ಕಿಲೋಮೀಟರ್ ಸಾಗಬೇಕಾದ ಕಠಿಣ ರ‍್ಯಾಲಿ.

ಅತ್ತ ಊರಿನಲ್ಲಿ ತಂದೆ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ರ‍್ಯಾಲಿ ಆರಂಭವಾಗುವ ದಿನ, ಹೊರಡಲು ಕೆಲವೇ ಗಂಟೆಗಳಿರುವಾಗ ಅವರು ತೀರಿಕೊಂಡ ಸುದ್ದಿ ಬಂತು. ಮಗಳು ಈ ಸ್ಪರ್ಧೆಯಲ್ಲಿ ಓಡಬೇಕು ಎಂಬುದೇ ಅವರ ಕೊನೆಯ ಇಚ್ಛೆಯಾಗಿತ್ತು. ತಾಯಿಯೂ ಅದನ್ನೇ ಹೇಳಿದರು.

ನಮ್ಮಲ್ಲಾಗಿದ್ದರೆ? ಮಗಳು ಎಲ್ಲೇ ಇರಲಿ, ಮೊದಲು ಬಸ್ಸೋ ವಿಮಾನವೋ ಹಿಡಿದು ಮಯ್ಯಿತ್‌ನ ಮುಖ ನೋಡಲು ಓಡುತ್ತಿದ್ದಳು. ಕಾರಿನ ಬಾಗಿಲು ತೆರೆದು ಸ್ಪರ್ಧೆಗೆ ಕೂತವಳನ್ನು ನಾಲ್ಕು ಜನ ಸುಮ್ಮನೆ ಬಿಡುತ್ತಿರಲಿಲ್ಲ. ಅವರ ರೀತಿ ರಿವಾಜು ಬೇರೆ, ನಮ್ಮದು ಬೇರೆ. ಆಕೆ ಮಾಡಿದ್ದು ಸರಿಯೇ ತಪ್ಪೇ ಎಂದು ಇಲ್ಲಿ ಕೂತು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಆದರೆ ಸಾಯುವ ತಂದೆಯ ವಸಿಯ್ಯತ್ ಎಂದರೆ ಮಕ್ಕಳಿಗೆ ಅದೆಷ್ಟು ಭಾರ ಎಂಬುದು ನಿಮಗೆ ಗೊತ್ತು. ಆಕೆ ಹೆಚ್ಚಿನವರಿಗೆ ಸುದ್ದಿ ತಿಳಿಸದೆ ಹೆಲ್ಮೆಟ್ ಹಾಕಿಕೊಂಡಳು.

ಹಾಗೆ ಕೂತವಳು ಓಡಿಸಿದ್ದು ಹೇಗೆ! ರೋರ್ಲ್‌ಗಿಂತ ಒಂದು ಗಂಟೆಗೂ ಮಿಕ್ಕಿದ ಮುನ್ನಡೆ. ಸೆಕೆಂಡುಗಳಲ್ಲಿ ಗೆಲುವು ಸೋಲು ತೀರ್ಮಾನವಾಗುವ ಆಟದಲ್ಲಿ ಒಂದು ಗಂಟೆ! ಆಮೇಲೆ ಗೇರ್‌ಬಾಕ್ಸ್ ಕೈಕೊಟ್ಟಿತು. ಅದನ್ನು ಬದಲಿಸುವ ಹೊತ್ತಿಗೆ ಮುನ್ನಡೆ ಕರಗುತ್ತಾ ಬಂತು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ದಟ್ಟ ಮಂಜಿನಲ್ಲಿ ನುಗ್ಗಿದಾಗ ಕಾರು ಅಪಘಾತಕ್ಕೀಡಾಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಸ್ಪರ್ಧೆ ಅಲ್ಲಿಗೆ ಮುಗಿಯಿತು, ವಿಶ್ವ ಪ್ರಶಸ್ತಿಯೂ ರೋರ್ಲ್ ಪಾಲಾಯಿತು. ಅಂತಿಮ ಅಂಕಗಳು 109 ಮತ್ತು 97. ಅದೇ ವಾರದಲ್ಲಿ ತಂದೆಯನ್ನೂ ಕಳೆದುಕೊಂಡವಳಿಗೆ ಈ ಹನ್ನೆರಡು ಅಂಕಗಳ ವ್ಯತ್ಯಾಸ ಎಷ್ಟು ದೊಡ್ಡದಾಗಿ ಕಂಡಿರಬಹುದು, ನೀವೇ ಊಹಿಸಿ. ಅದಾದ ಕೆಲವೇ ವಾರಗಳಲ್ಲಿ ಬ್ರಿಟನ್ನಿನ ರ‍್ಯಾಲಿಗೆ ಹೋಗಿ ಆಕೆ ಎರಡನೆಯ ಸ್ಥಾನ ಪಡೆದಳು.

ಬ್ರೆಜಿಲ್‌ನ ಆ ಗೆಲುವು ವಿಶ್ವ ರ‍್ಯಾಲಿಯಲ್ಲಿ ಆಕೆಯ ಕೊನೆಯ ಗೆಲುವೂ ಆಯಿತು. ಇಂದಿಗೂ ಬೇರೆ ಯಾವ ಮಹಿಳೆಯೂ ಆ ಮಟ್ಟದಲ್ಲಿ ಒಂದು ಸ್ಪರ್ಧೆ ಗೆದ್ದಿಲ್ಲ. 1985ರಲ್ಲಿ ಅಮೆರಿಕದ ಕೊಲರಾಡೋದಲ್ಲಿ 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟವನ್ನು ಆಕೆ 11 ನಿಮಿಷ 25 ಸೆಕೆಂಡುಗಳಲ್ಲಿ ಹತ್ತಿ ಹಳೆಯ ದಾಖಲೆ ಮುರಿದಳು. 1986ರಲ್ಲಿ ಪೆಜೋ ಕಾರಿನಲ್ಲಿ ಜರ್ಮನಿಯ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದಳು.

ಆದರೆ ಆ ವರ್ಷ ಈ ಕ್ರೀಡೆಗೇ ಕರಾಳ ವರ್ಷ. ಕಾರುಗಳ ಶಕ್ತಿ ಮಿತಿಮೀರಿತ್ತು. ಪೋರ್ಚುಗಲ್‌ನಲ್ಲಿ ದಾರಿಯ ಅಂಚಿನಲ್ಲಿ ಒತ್ತಾಗಿ ನಿಂತ ಪ್ರೇಕ್ಷಕರ ಮೇಲೆ ಕಾರು ನುಗ್ಗಿ ಜನ ಸತ್ತರು. ಮೇ ತಿಂಗಳಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಉರಿದ ಕಾರಿನೊಳಗೆ ಕೊನೆಯುಸಿರೆಳೆದರು. ಆ ವರ್ಗದ ಕಾರುಗಳನ್ನೇ ಮುಂದಿನ ವರ್ಷದಿಂದ ನಿಷೇಧಿಸಲಾಯಿತು. ಮಿಶೆಲ್ ಕೂಡ ನಿವೃತ್ತಳಾದಳು. 1987ರಲ್ಲಿ ಮಗಳನ್ನು ಹೆತ್ತಳು. ಟೊಯ್ವೊನೆನ್ ನೆನಪಿಗಾಗಿ 1988ರಲ್ಲಿ ‘ರೇಸ್ ಆಫ್ ಚಾಂಪಿಯನ್ಸ್’ ಎಂಬ ಸ್ಪರ್ಧೆಯನ್ನು ಸ್ನೇಹಿತರೊಬ್ಬರ ಜೊತೆ ಹುಟ್ಟುಹಾಕಿದಳು.

ಮೋಟಾರು ಕ್ರೀಡೆಯ ಅಂತಾರಾಷ್ಟ್ರೀಯ ಸಂಸ್ಥೆ ಮಹಿಳೆಯರಿಗಾಗಿ ಒಂದು ಆಯೋಗ ರಚಿಸಿದಾಗ ಅದರ ಮೊದಲ ಅಧ್ಯಕ್ಷೆಯಾದದ್ದೂ ಆಕೆಯೇ. ಸೌದಿ ಅರೇಬಿಯಾದ ಅಸೀಲ್ ಅಲ್ ಹಮದ್ ಆ ಆಯೋಗದ ಸದಸ್ಯೆಯಾಗಿದ್ದರು. ಸೌದಿಯಲ್ಲಿ ಮಹಿಳೆಯರ ವಾಹನ ಚಾಲನೆಯ ಮೇಲಿದ್ದ ನಿಷೇಧ ತೆರವಾದ ದಿನ, ಅಂದರೆ 2018ರ ಜೂನ್ 24ರಂದು, ಫ್ರಾನ್ಸಿನ ರೇಸ್ ಟ್ರ್ಯಾಕ್‌ನಲ್ಲಿ ಫಾರ್ಮುಲಾ ಒನ್ ಕಾರು ಓಡಿಸಿ ತೋರಿಸಿದ್ದು ಇದೇ ಅಸೀಲ್. ಗಲ್ಫ್‌ನಲ್ಲಿರುವ ನಮ್ಮ ಸಹೋದರಿಯರಲ್ಲಿ ಕೆಲವರಿಗೆ ಆ ದಿನ ನೆನಪಿರಬಹುದು.

ಮಿಶೆಲ್‌ಳ ಮತ್ತೊಂದು ಕೆಲಸ ನನಗೆ ಇನ್ನೂ ಇಷ್ಟ. 2011ರಿಂದ ಹಲವು ವರ್ಷ ಆಕೆ ವಿಶ್ವ ರ‍್ಯಾಲಿಯ ಸುರಕ್ಷತೆಯ ಹೊಣೆ ಹೊತ್ತಳು. ಸ್ಪರ್ಧಿಗಳಿಗಿಂತ ಮುಂಚೆ ಅದೇ ದಾರಿಯಲ್ಲಿ ಕಾರಿನಲ್ಲಿ ಸಾಗಿ, ತಿರುವಿನ ಹೊರಬದಿಯಲ್ಲಿ, ಕಾರು ಜಾರಿ ಬರಬಹುದಾದ ಕಡೆ ಜನ ನಿಂತಿದ್ದಾರೆಯೇ ಎಂದು ನೋಡುವುದು. ನಿಂತಿದ್ದರೆ ಹಿಂದೆ ಸರಿಸುವುದು.