ಚಂದ್ರಗಿರಿಯ ಆಚೆ ದಡದ ಕೋಟೆ

ಬೇಸಗೆಯ ರಜೆ ಬಂತೆಂದರೆ ಬೇಕಲದತ್ತ ಹೋಗುವ ವಾಹನಗಳಿಗೆ ಲೆಕ್ಕವಿಲ್ಲ. ಕಾಸರಗೋಡು ಪೇಟೆಯನ್ನು ಹಿಂದೆ ಹಾಕಿ, ಚಂದ್ರಗಿರಿ ಸೇತುವೆಯನ್ನು ದಾಟಿ, ಕರಾವಳಿಯ ದಾರಿಯಲ್ಲಿ ಅವು ತೆಂಕಕ್ಕೆ ಧಾವಿಸುತ್ತವೆ. 1995ರಲ್ಲಿ ತೆರೆಕಂಡ ‘ಬಾಂಬೆ’ ಚಿತ್ರದ ಒಂದು ಹಾಡಿನಿಂದಾಗಿ ಬೇಕಲ ಕೋಟೆಯ ಹೆಸರು ದೇಶಕ್ಕೆಲ್ಲ ತಿಳಿಯಿತು. ಸಂತೋಷದ ಸಂಗತಿಯೇ. ಆದರೆ ಸೇತುವೆ ದಾಟುವಾಗ ಹೊಳೆಯ ಆಚೆ ದಡದ ಗುಡ್ಡದ ಮೇಲೆ ಇನ್ನೊಂದು ಕೋಟೆ ಇದೆಯೆಂದು ತಲೆಯೆತ್ತಿ ನೋಡುವವರು ಎಷ್ಟು ಮಂದಿ?

ಈಚೆಗೊಮ್ಮೆ ಬೇಕಲದಲ್ಲಿ ನಮಗೆ ಶಿವಮೊಗ್ಗದ ಕಡೆಯ ಒಂದು ಸಂಸಾರದ ಭೇಟಿಯಾಯಿತು. ದಾರಿ ಕೇಳಿದ್ದು ಹಿಂದಿಯಲ್ಲಿ. ನಾವು ಕನ್ನಡದಲ್ಲಿ ಉತ್ತರಿಸಿದಾಗ ಮನೆಯ ಯಜಮಾನರು ಬೆರಗಾದರು. “ನೀವು ಕನ್ನಡದವರಾ? ಇಲ್ಲಿ ಕನ್ನಡದವರೂ ಇದ್ದಾರಾ?” ಎಂದರು. ಈ ಕೋಟೆ ನಿಮ್ಮ ಊರಿನ ಕಡೆಯ ಅರಸರದ್ದೇ ಸ್ವಾಮಿ, ಎಂದೆವು. ಅವರು ನಕ್ಕರು, ನಾವು ತಮಾಷೆ ಮಾಡುತ್ತಿದ್ದೇವೆಂದೇ ಭಾವಿಸಿದರು. ಜೊತೆಗಿದ್ದ ನಮ್ಮ ಮನೆಯ ಹುಡುಗನಿಗೂ ಅದು ಹೊಸ ಸುದ್ದಿಯಾಗಿತ್ತೆಂಬುದು ಮರಳಿ ಬರುವಾಗ ತಿಳಿಯಿತು. ಪರಊರಿನವರನ್ನು ಆಕ್ಷೇಪಿಸುವ ಅಧಿಕಾರ ನಮಗೆ ಅಲ್ಲಿಗೇ ತಪ್ಪಿತು.

ಕೆಳದಿಯ ಶಿವಪ್ಪ ನಾಯಕನು ಆಳಿದ್ದು 1645ರಿಂದ 1660ರ ವರೆಗೆ. ಬೇಕಲ ಕೋಟೆ ಈಗಿನ ರೂಪಕ್ಕೆ ಬಂದದ್ದು ಅವನ ಕಾಲದಲ್ಲಿ, 1650ರ ಸುಮಾರಿಗೆ, ಎಂಬುದು ಬಹುಮಂದಿ ಒಪ್ಪಿದ ಮಾತು. ಅದಕ್ಕೂ ಮೊದಲು ಕೋಲತ್ತಿರಿಗಳ ಕಾಲದಲ್ಲೇ ಅಲ್ಲಿ ಕೋಟೆಯಿತ್ತೆಂದು ವಾದಿಸುವವರೂ ಇದ್ದಾರೆ. ಇರಲಿ, ಅದರಿಂದ ನಮಗೇನೂ ನಷ್ಟವಿಲ್ಲ. ಕುಂಬಳೆಯ ಆರಿಕ್ಕಾಡಿಯಿಂದ ತೊಡಗಿ ಚಂದ್ರಗಿರಿ, ಬೇಕಲ, ಹೊಸದುರ್ಗದ ವರೆಗೆ ಈ ಕರಾವಳಿಯ ಉದ್ದಕ್ಕೂ ಇಕ್ಕೇರಿಯವರ ಕೋಟೆಗಳು ಸಾಲಾಗಿವೆ. ಕಾಞಂಗಾಡಿನ ತಾಲೂಕಿಗೆ ಇಂದಿಗೂ ಸರಕಾರಿ ಹೆಸರು ಹೊಸದುರ್ಗವೇ. ಆ ಪದದ ಅರ್ಥ ಕೇಳಿದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಹೇಳಬಲ್ಲರು?

ಚಂದ್ರಗಿರಿಯ ಕೋಟೆ ಬೇಕಲದಷ್ಟು ದೊಡ್ಡದಲ್ಲ, ಸುಮಾರು 7 ಎಕರೆ. ಕೆಂಪುಕಲ್ಲಿನ ಗೋಡೆಗಳು ಅಲ್ಲಲ್ಲಿ ಕುಸಿದಿವೆ, ಒಳಗೆ ಹುಲ್ಲು ಬೆಳೆಯುತ್ತದೆ. ಆದರೆ ಬುರುಜಿನ ಬಳಿ ನಿಂತು ನೋಡಿದರೆ ಕಾಣುವ ನೋಟ ಬೇರೆಡೆ ಸಿಕ್ಕದು. ಕೊಡಗಿನ ಬೆಟ್ಟಗಳಿಂದ ಇಳಿದು, ಸುಳ್ಯದ ಮಗ್ಗುಲಲ್ಲಿ ಹರಿದು ಬಂದ ಪಯಸ್ವಿನಿಯ ನೀರನ್ನೂ ಕೂಡಿಕೊಂಡು ಚಂದ್ರಗಿರಿ ಹೊಳೆ ಇಲ್ಲಿ ಕಡಲು ಸೇರುತ್ತದೆ. ಎರಡೂ ದಡಗಳಲ್ಲಿ ತೆಂಗಿನ ತೋಟ, ಹೊಳೆಯ ಮೇಲೆ ರೈಲಿನ ಸೇತುವೆ, ಪಡುವಣಕ್ಕೆ ಕಡಲು. ಸಂಜೆ ಐದೂವರೆಯ ಮೇಲೆ ಹೊಳೆಯ ಬಣ್ಣ ಬದಲಾಗುವುದನ್ನು ನೋಡುತ್ತ ಕುಳಿತರೆ ಮನೆಗೆ ಹೋಗುವ ನೆನಪೇ ಆಗದು. ದೂರದ ಊಟಿಗೂ ಕನ್ಯಾಕುಮಾರಿಗೂ ಸಾಲ ಮಾಡಿ ಹೋಗುವ ನಾವು ಪೇಟೆಯಿಂದ ನಾಲ್ಕೈದು ಕಿಲೋಮೀಟರು ದೂರದ ಈ ಗುಡ್ಡವನ್ನು ಹತ್ತುವುದಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಿರಿಯರ ಬಾಯಲ್ಲಿ ಸದಾ ಇದ್ದ ಹೆಸರು ಚಂದ್ರಗಿರಿಯದು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ-ಪಯಸ್ವಿನಿ ಹೊಳೆಗಳ ಬಡಗಣ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿಯೇ ಉಳಿಯಿತು, ಆ ಕತೆ ವಾಚಕರಿಗೆ ಹೊಸತಲ್ಲ. ಆದರೆ ಕೋಟೆ ಇರುವುದು ಹೊಳೆಯ ತೆಂಕಣ ದಡದಲ್ಲಿ. ಅಂದರೆ ವರದಿ ಜಾರಿಯಾಗಿದ್ದರೂ ಕನ್ನಡ ಅರಸರ ಈ ಕೋಟೆ ಗಡಿಯ ಆಚೆಗೇ ಉಳಿಯುತ್ತಿತ್ತು. ನಕಾಶೆಯಲ್ಲಿ ಹೊಳೆಯನ್ನು ಗೆರೆಯಾಗಿ ಕಂಡು ಕಂಡು, ಅದರ ಆಚೆಗೂ ನಮ್ಮದೆನ್ನುವುದು ಏನಾದರೂ ಇದೆಯೆಂಬುದನ್ನು ನಾವೇ ಮರೆತೆವೇನೋ ಎಂದು ನಮಗೆ ಅನಿಸುತ್ತದೆ. ನಮ್ಮದೆಂದ ಮಾತ್ರಕ್ಕೆ ನೆರೆಯವರದ್ದಲ್ಲ ಎಂದಲ್ಲ. ಕೋಟೆಯ ಬುಡದಲ್ಲಿ ತಲೆಮಾರುಗಳಿಂದ ಬಾಳಿದವರು ಮಲೆಯಾಳಿಗಳು. ನಾವು ದಾರಿ ಕೇಳಿದಾಗ ಕುಡಿಯಲು ನೀರು ಕೊಟ್ಟು ಕರೆದೊಯ್ದು ತೋರಿಸಿದವರೂ ಅವರೇ.

ಗಡಿಯ ಪ್ರಶ್ನೆ ಏನೇ ಆಗಲಿ, ನಾಳೆಯೇ ಮಾಡಬಹುದಾದ ಕೆಲಸಗಳಿವೆ. ನಮ್ಮ ಕನ್ನಡ ಶಾಲೆಗಳು ಪ್ರತಿವರ್ಷ ಮಕ್ಕಳನ್ನು ಮೈಸೂರಿಗೋ ಬೇಲೂರಿಗೋ ಕರೆದೊಯ್ಯುತ್ತವೆ. ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ಬಸ್ಸಿನ ಬಾಡಿಗೆಗೆ ಹಣ ಹೊಂದಿಸಲಾರದ ಮನೆಯ ಮಗು ಆ ದಿನ ಮನೆಯಲ್ಲೇ ಉಳಿಯುತ್ತದೆ. ಚಂದ್ರಗಿರಿಗಾದರೆ ಬುತ್ತಿ ಕಟ್ಟಿಕೊಂಡು ಇಡೀ ತರಗತಿ ಹೋಗಿಬರಬಹುದು. ಅಲ್ಲಿ ಚರಿತ್ರೆಯ ಪಾಠವನ್ನು ಕನ್ನಡದಲ್ಲಿ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು, ಈ ಕೋಟೆಗಳ ವಿವರಣಾಫಲಕಗಳಲ್ಲಿ ಮಲೆಯಾಳ, ಇಂಗ್ಲಿಷುಗಳ ಜೊತೆಗೆ ಕನ್ನಡಕ್ಕೂ ಎಡೆ ಇರಲೇಬೇಕು. ಇದು ಭಿಕ್ಷೆಯಲ್ಲ. ಕೇರಳದ 1969ರ ಆಡಳಿತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಸಭೆ ಸೇರಿ ಠರಾವು ಮಾಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಅಂಚೆಗೆ ಹಾಕುವುದರಲ್ಲಿ ಮಾತ್ರ ಸೋಮಾರಿಗಳು. ಚಂದ್ರಗಿರಿಗೆ ಹೋಗಿಬಂದ ಪ್ರತಿಯೊಂದು ತರಗತಿಯಿಂದಲೂ ಪುರಾತತ್ವ ಇಲಾಖೆಗೆ ಒಂದೊಂದು ಕನ್ನಡ ಕಾಗದ ಹೋಗಲಿ, ಮಕ್ಕಳದ್ದೇ ಕೈಬರಹದಲ್ಲಿ. ಉತ್ತರ ಬಂದರೆ ನಮಗೂ ಕಳುಹಿಸಿಕೊಡಿ, ಅಚ್ಚು ಹಾಕುತ್ತೇವೆ. ಬಾರದಿದ್ದರೆ ಅದನ್ನೂ ತಿಳಿಸಿ.

ಹೋಗುವವರಿಗೆ ಒಂದು ಮಾತು. ಕಾಸರಗೋಡಿನಿಂದ ಚಂದ್ರಗಿರಿ ದಾರಿಯಾಗಿ ಹೋಗುವ ಬಸ್ಸು ಹತ್ತಿ ಮೇಲ್ಪರಂಬದಲ್ಲಿ ಇಳಿದು ಕೇಳಿದರೆ ಯಾರೂ ತೋರಿಸುತ್ತಾರೆ. ಮಳೆಗಾಲದಲ್ಲಿ ಕೆಂಪುಕಲ್ಲಿನ ಮೇಲೆ ಪಾಚಿ ಜಾರುತ್ತದೆ; ಮಕ್ಕಳನ್ನು ಕರೆದೊಯ್ಯುವುದಿದ್ದರೆ ನವರಾತ್ರಿ ಕಳೆಯಲಿ.